ತಿರುಗಿಕೊಳ್ಳುವ ಪದಕ

ಅಮ್ಮಾ,

ನಿನ್ನಜ್ಜಿ ಕಾಲದ ವಜ್ರದ ಪದಕ, ನೀನು ಹೋದ ಮೇಲೆ, ಈಗ ನನ್ನ ಕೊರಳಲ್ಲಿದೆ. ನೀನು ಹಾಕ್ಕೊಂಡಾಗ ಪದಕದ ಹಿಂಬದಿಯ ಚಿನ್ನವಷ್ಟೇ ಕಾಣ್ತಿತ್ತು. ಪ್ಲಾಟಿನಂ, ವಜ್ರ ಎಲ್ಲ ಎದೆಯ ಕಡೆಗೆ. ಕಳ್ಳರ ಭಯವಾ ಅಂತ ನಾನು ರೇಗಿಸಿದರೆ ನೀನು ನಕ್ಕುಬಿಡ್ತಿದ್ದೆ.

ನಾನು ನೆಟ್ಟಗೆ ಹಾಕ್ಕೊಂಡೆ. ಕನ್ನಡಿಯಿಂದ ಬಾಗಿಲಿಗೆ ಹೋಗುವಷ್ಟರಲ್ಲಿ ತಿರುಗಿಕೊಂಡಿತು. ಅಕ್ಕಸಾಲಿಗರು, "ಕೊಂಡಿ ಒಂದು ಕಡೆ ಸವೆದಿದೆ, ಅಷ್ಟೇ" ಅಂತ ಹೊಸದು ಕೂರಿಸಿಕೊಟ್ಟರು. ಅಂಗಡಿ ಮೆಟ್ಟಿಲಿಳಿಯುವಾಗ ನೋಡಿದರೆ ಮತ್ತೆ ತಿರುಗಿತ್ತು.

ಇವತ್ತು ಚಿಕ್ಕಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ.

"ಕೂಸಾಗಿದ್ದಾಗ ನೀನು ಅಕ್ಕನ ಎದೆಗೊರಗಿಯೇ ನಿದ್ದೆ ಮಾಡ್ತಿದ್ದೆ ಕಣೇ. ಹರಳು ನಿನ್ನ ಕೆನ್ನೆಗೆ ಚುಚ್ಚೀತು ಅಂತ ತಿರುಗಿಸಿಕೊಂಡ್ಲು. ಆಮೇಲೆ ನೆಟ್ಟಗೆ ಮಾಡಲೇ ಇಲ್ಲ. 'ಯಾವಾಗ ಬಂದು ಒರಗ್ತಾಳೋ ಯಾರಿಗೆ ಗೊತ್ತು' ಅಂತಿದ್ಲು."

ಆ ಕೂಸು ದೊಡ್ಡದಾದ ಮೇಲೆ ಬಾಗಿಲಲ್ಲಿ ನಿಂತ ಹಾಗೇ ಮಾತಾಡಿಸಿ ಹೊರಟುಬಿಡ್ತಿತ್ತು, ಅಲ್ವಾ?

ಇನ್ನು ಸರಿ ಮಾಡಿಸಲ್ಲಮ್ಮಾ. ಬರೆಯುತ್ತಿರುವಾಗ ವಜ್ರದ ಮೊನೆ ನನ್ನೆದೆಗೆ ಒತ್ತುತ್ತಿದೆ. ಹೊರಗಿನ ಚಿನ್ನ ಸವೆದು ನುಣ್ಣಗಿದೆ. ಮುಟ್ಟಿದರೆ ಬೆಚ್ಚಗಿದೆ, ಈಗಷ್ಟೇ ಯಾರೋ ಅದಕ್ಕೆ ಒರಗಿಸಿದ್ದ ಕೆನ್ನೆ ಎತ್ತಿದ ಹಾಗೆ.