ಹಿಯಾಸ್‌ಗೆ ಮಾತು ಬಂತು

ಲಾಸಿ, ಸಿಕಿಹೋರ್ ದ್ವೀಪ
ಮೇ ೧೨, ಸೋಮವಾರ

ನನ್ನ ಪ್ರೀತಿಯ ಕ್ರಿಸಾಂತೊ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಅತ್ತೆಯ ಕೆಮ್ಮು ವಾಸಿಯಾಗಿದೆ, ಹಂದಿ ಮರಿ ಹಾಕಿದೆ. ಫೋನಿನಲ್ಲಿ ನಿನ್ನ ದನಿ ಕೇಳಿಸಿತು ಎನ್ನುವಷ್ಟರಲ್ಲಿ ಕಟ್ಟಾಗುತ್ತದೆ. ಅದಕ್ಕೇ ನಿನ್ನ ಹಡಗು ಸೇರಲು ಹೊರಟಿರುವ ಪಕ್ಕದ ಮನೆಯ ಎಲ್ಮರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಕೂತುಕೊಂಡು ಓದು. ನಮ್ಮ ಹಿಯಾಸ್ ಮಾತಾಡುತ್ತಿದ್ದಾಳೆ!

ಬಾಯಲ್ಲಲ್ಲ ಮಾರಾಯ, ಕೈಯಲ್ಲಿ. ನೀನು ಹೋದ ಮೇಲೆ ಅವಳನ್ನು ಶಾಲೆಗೆ ಕರೆದುಕೊಂಡು ಹೋಗಿದ್ದೆ. “ಕಿವಿ ಕೇಳದ ಮಗುಗೆ ನಾನೇನಮ್ಮ ಪಾಠ ಹೇಳ್ಲಿ? ಅವಳೂ ಅಳ್ತಾಳೆ, ನಾನೂ ಅಳ್ತೀನಿ” ಎಂದು ದೊಡ್ಡ ಮೇಡಂ ವಾಪಸು ಕಳಿಸಿದರು. ಆ ಸಂಕಟದಲ್ಲಿ ನಮ್ಮೂರ ಫೇಸ್‌ಬುಕ್ ಗುಂಪಿನಲ್ಲಿ, ಕಳೆದುಹೋದ ಮೇಕೆ, ಮಾರಾಟಕ್ಕಿರುವ ಬೈಕುಗಳ ನಡುವೆ ಬರೆದೆ: ನನ್ನ ಮಗಳ ಜೊತೆ ಮಾತಾಡುವುದು ಹೇಗೆಂದು ಯಾರಿಗಾದರೂ ಗೊತ್ತೇ? ಆಚೆ ದಡದ ಡುಮಗೆತೆಯಿಂದ ಮೆರ್ಲಿಂಡಾ ಎಂಬಾಕೆ ಉತ್ತರ ಕೊಟ್ಟಳು. ಹುಟ್ಟಾ ಕಿವುಡಿ, ಅಲ್ಲಿ ಕಿವುಡು ಮಕ್ಕಳಿಗೆ ಪಾಠ ಹೇಳುತ್ತಾಳೆ. ಸನ್ನೆ ಮಾತಿನ ಪುಟ್ಟ ಪುಟ್ಟ ವಿಡಿಯೊ ಕಳಿಸತೊಡಗಿದಳು. ನೀರು, ಅನ್ನ, ಬಾ, ನೋವು. ಒಂದು ದಿನ ಹಿಯಾಸ್ ಕೆನ್ನೆ ಮುಟ್ಟಿಕೊಂಡು ‘ನೋವು’ ಎಂದಳು. ಹುಳುಕು ಹಲ್ಲು, ಕ್ರಿಸಾಂತೊ! ತಟ್ಟೆ ಎಸೆದು ಕಿರುಚುತ್ತಿದ್ದುದನ್ನು ನಾವೆಲ್ಲ ಹಟ ಎಂದುಕೊಂಡಿದ್ದೆವಲ್ಲ. ನಾನು ಅಡುಗೆಮನೆಯಲ್ಲಿ ಕುಣಿದೆ, ಅತ್ತೆ ನನಗೆ ತಲೆ ಕೆಟ್ಟಿತೆಂದುಕೊಂಡು ಓಡಿ ಬಂದರು.

ಅವಳು ಮಾವಿನಹಣ್ಣು ಕೇಳುವ ವಿಡಿಯೊ ಗುಂಪಿಗೆ ಹಾಕಿದೆ. “ಮನೆ ಮಗುನ ಊರಿಗೆಲ್ಲ ತೋರಿಸ್ತೀಯಲ್ಲೇ, ನಾಚಿಕೆ ಆಗಲ್ವಾ?” ಎಂದು ಅತ್ತೆ ಮುಖ ಊದಿಸಿಕೊಂಡರು. ಮರುದಿನ ಬೆಳಿಗ್ಗೆಯೇ ಮೀನು ಮಾರುವ ಪುರಿಂಗ್ ಅಕ್ಕ ಹಾಜರ್. “ಏ ಲುಡಿ, ನಂಗೂ ಕಲ್ಸೇ. ನಿನ್ ಮಗಳು ನನ್ ಬುಟ್ಟಿ ನೋಡಿ ಮೂಗು ಮುಚ್ಕೋತಾಳೆ, ಅವಳಿಗೆ ಉತ್ತರ ಕೊಡ್ಬೇಕು ನಾನು!” ಈಗ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಚಪ್ಪರದಲ್ಲೇ ತರಗತಿ. ಪರದೆಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಮೆರ್ಲಿಂಡಾಳ ವಿಡಿಯೊ, ಎದುರಿಗೆ ಅರ್ಧ ಊರು. ವಿಡಿಯೊ ನೋಡಿ ಗುಡ್ಡದ ಮೇಲಿನ ಎರಡು ಮನೆಯವರು ತಮ್ಮ ಕಿವುಡು ಮಕ್ಕಳನ್ನು ಹೊತ್ತು ಇಳಿದು ಬಂದರು. ಹಿಂದಿನ ಬೆಂಚಿನಲ್ಲಿ ಯಾರು ಗೊತ್ತೇ? ಅದೇ ದೊಡ್ಡ ಮೇಡಂ! ಶನಿವಾರ ನನ್ನನ್ನು ಕರೆಸಿ, “ಜೂನ್‌ನಿಂದ ಮೂವರು ಮಕ್ಕಳನ್ನೂ ಶಾಲೆಗೆ ಕಳಿಸಿ. ನಾನಿನ್ನೂ ತಪ್ಪು ಮಾಡ್ತೀನಿ, ಹಿಯಾಸ್ ತಿದ್ದಲಿ” ಎಂದರು. ವಾರಕ್ಕೊಮ್ಮೆ ಮೆರ್ಲಿಂಡಾ ದೋಣಿ ಹತ್ತಿ ಬರುತ್ತಾಳಂತೆ. ಅತ್ತೆಯಂತೂ ಈಗ ಸನ್ನೆಯಲ್ಲೇ ಸುಳ್ಳು ಹೇಳುತ್ತಾರೆ. ಮೊನ್ನೆ ಮಿಠಾಯಿ ಮುಗಿಯಿತು ಎಂದರು, ಹಿಯಾಸ್ ಅವರ ಜೇಬಿಗೇ ಕೈ ಹಾಕಿದಳು.

ದೇವಮಾತೆ ನಿನ್ನ ಹಡಗಿನ ಮೇಲೆ ಕಣ್ಣಿಟ್ಟಿರಲಿ. ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನವಳೇ,
ಲುಡಿವಿನಾ

ಎಲ್ಮರ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ನಿನ್ನೆ ಹಿಯಾಸ್ ನಿನ್ನ ಫೋಟೊ ತೋರಿಸಿ, “ಅಪ್ಪಂಗೆ ಮಾತು ಬರುತ್ತಾ?” ಎಂದು ಕೇಳಿದಳು. ಬರಲ್ಲ ಎಂದೆ. “ಪಾಪ. ನಾನು ಕಲಿಸ್ತೀನಿ” ಎಂದಳು. ವಿಡಿಯೊಗಳನ್ನೆಲ್ಲ ಎಲ್ಮರ್ ಫೋನಿಗೆ ಹಾಕಿದ್ದೇನೆ. ಟೀಚರ್ ಅವಳೇ. ಕಲಿಯದೆ ಬರಬೇಡ.