ಎಳ್ಳಿನ ಕಣ್ಣು ಖಾಲಿಯಿದ್ದಾಗ

ಚಿತ್ರದುರ್ಗ, ಕೋಟೆ ಕೆಳಗಿನ ಮೂರನೇ ಓಣಿ
ಫಾಲ್ಗುಣ ಮಾಸದ ಮೂವತ್ತೇಳನೇ ದಿನ, ಇಸವಿ 2371

ಜರಡಿ ಪತ್ರ ಬರೆದ ಪುಣ್ಯಾತ್ಮರಿಗೆ ಪಾಲಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದಂತೆಲ್ಲ ನಮ್ಮ ಹಿರಿಯರು ಫಾಲ್ಗುಣವನ್ನೂ ಎಳೆದು ಉದ್ದ ಮಾಡಿದರು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಪತ್ರದಿಂದ, ಅದರಲ್ಲೋ ಸಾಮಾನು ಹುಡುಕುವ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನಿಮ್ಮ ಹೆಸರೂ ನಮಗೆ ಉಳಿದಿಲ್ಲ. ಹಿನ್ನಡೆಯಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಬ್ಬರಿಗೆ ಜನ್ಮಕ್ಕೆ ಒಂದೇ ಸಲ ಸಿಗುತ್ತದೆ. ಸತ್ತ ಅವ್ವನಿಗೆ ಬರೆಯುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಅಂಗಡಿಗಳಿಲ್ಲ. ಪ್ರತಿ ಮನೆಗೂ ಒಬ್ಬ ಓಲೆಕಾರ ಇರುತ್ತಾನೆ. ನೀವು ಏಜೆಂಟ್ ಎನ್ನುತ್ತಿದ್ದಿರಲ್ಲ, ಅವನೇ. ಮೈಯಿಲ್ಲ, ಕೈಯಿಲ್ಲ, ಮಾತು ಮಾತ್ರ ಉಂಟು. ಬೆಳಿಗ್ಗೆ ಇಂಥದ್ದು ಬೇಕೆಂದು ಹೇಳಿದರೆ ಅವನು ಒಂಬತ್ತು ಲಕ್ಷ ಸಾಮಾನುಗಳನ್ನು ಜರಡಿಗೆ ಸುರಿದು, ಬೇಕಾದ್ದನ್ನು ಸೋಸಿ ತೆಗೆಯುತ್ತಾನೆ. ಬಿಸಿಲೇರುವಷ್ಟರಲ್ಲಿ ತೇಲುಬುಟ್ಟಿ ಗಾಳಿಯಲ್ಲಿ ಬಂದು ಜಗಲಿಯ ಮೇಲೆ ಇಳಿಯುತ್ತದೆ. ಜರಡಿಯ ಒಂದೊಂದು ಕಣ್ಣೂ ಒಂದೊಂದು ಪ್ರಶ್ನೆ: ಖಾರವೆಷ್ಟು, ಯಾವ ಊರಿನದು, ಎಳ್ಳು ಇದೆಯೋ ಇಲ್ಲವೋ. ಸಾಮಾನು ಮಾಡಿದವರು ಉತ್ತರ ಬರೆಯದಿದ್ದರೆ ಆ ಕಣ್ಣು ಖಾಲಿ. ಬದನೆಕಾಯಿ ಒತ್ತಿ ನೋಡುವ ಭಾಗ್ಯ, ಮೂಸಿ ನೋಡುವ ಭಾಗ್ಯ ಓಲೆಕಾರನಿಗಿಲ್ಲ ಪಾಪ. ಯಾವ ಕಣ್ಣು ಏನು ಕೇಳುತ್ತದೆ, ಏನು ಕೊಡುತ್ತದೆ, ಏನೂ ಸಿಗದಿದ್ದರೆ ಏನು ಮಾಡಬೇಕು ಎಂದು ನೀವು ಜರಡಿ ಪತ್ರದಲ್ಲಿ ಬರೆದಿಟ್ಟದ್ದೇ ಅವನಿಗೆ ಲೋಕಜ್ಞಾನ. ಅಲ್ಲಿ ಇಲ್ಲದ್ದು ಅವನಿಗೆ ಇಲ್ಲ.

ಆ ಪತ್ರವನ್ನು ತಿದ್ದಿ ಕಾಪಾಡುವ ಕೆಲಸ ನಲವತ್ತು ವರ್ಷದಿಂದ ನನ್ನದು. ಒಂದು ಸಾಲು ತೆಗೆಯಬೇಕಾದರೆ ನಮ್ಮಲ್ಲಿ ಸಾಲುಸಭೆ ಸೇರಬೇಕು. ಊರವರ ಮುಂದೆ ಆ ಸಾಲನ್ನು ಮೂರು ಸಲ ಓದುತ್ತೇವೆ. ಇದು ಇಂಥದ್ದಕ್ಕೆ ಬೇಕು ಎಂದು ಒಬ್ಬರಾದರೂ ಎದ್ದು ನಿಂತರೆ ಸಾಲು ಉಳಿಯಿತು, ಇಲ್ಲದಿದ್ದರೆ ಹೋಯಿತು. ನನಗೋ ಚೊಕ್ಕಟ ಮಾಡುವ ಚಪಲ. ಹೋದ ತಿಂಗಳು ನಿಮ್ಮ ಈ ಸಾಲಿನ ಮೇಲೆ ಕಣ್ಣು ಬಿತ್ತು: ಕಣ್ಣು ಖಾಲಿಯಿದ್ದರೆ ‘ಇಲ್ಲ’ ಎಂದು ತಿಳಿಯಬಾರದು, ‘ಗೊತ್ತಿಲ್ಲ’ ಎಂದು ತಿಳಿಯಬೇಕು. ಇಷ್ಟನ್ನೂ ಹೇಳಿಕೊಡಬೇಕೇ, ಅಂಬೆಗಾಲಿಡುವ ಕೂಸಿಗೂ ಗೊತ್ತಿರುವ ಮಾತು ಎಂದು ನಗಾಡಿಕೊಂಡು ಸಭೆಯ ಮುಂದೆ ಮೂರು ಸಲ ಓದಿದೆ. ಯಾರೂ ಏಳಲಿಲ್ಲ. ಮುಂದಿನ ಸಾಲಲ್ಲೇ ಕೂತಿದ್ದ ನನ್ನ ಗಂಡ ದ್ಯಾಮಣ್ಣ ತೂಕಡಿಸುತ್ತಿದ್ದ. ಸಾಲನ್ನು ನಾನೇ ಕಿತ್ತು ಹಾಕಿದೆ.

ದ್ಯಾಮಣ್ಣನಿಗೆ ಎಳ್ಳು ಆಗುವುದಿಲ್ಲ. ಒಂದು ಕಾಳು ನಾಲಿಗೆಗೆ ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಮದುವೆಯಾದ ವರ್ಷವೇ ಒಮ್ಮೆ ಅವನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಸಭೆಯಾದ ಮೂರನೇ ದಿನ ಅವನು ಎಳ್ಳಿಲ್ಲದ ಶೇಂಗಾ ಚಟ್ನಿಪುಡಿ ತರಿಸು ಎಂದು ಓಲೆಕಾರನಿಗೆ ಹೇಳಿ ಮುದ್ದೆಗೆ ಕೂತ. ಬುಟ್ಟಿ ಬರಲಿಲ್ಲ. ಬದಲಿಗೆ ಓಲೆಕಾರ ಮಾತಾಡಿದ.

“ಇದೊಂದು ಹೊಸ ಮಿಲ್ಲಿನ ಪುಡಿ. ಎಳ್ಳಿನ ಕಣ್ಣು ಖಾಲಿಯಿದೆ. ಎಳ್ಳು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತರುವ ಮೊದಲು ಮಿಲ್ಲಿನವರನ್ನು ಕೇಳಲೇ?”

ಕೇಳಿದ. ಅದರಲ್ಲಿ ಮೂರರಲ್ಲೊಂದು ಪಾಲು ಎಳ್ಳಿತ್ತು. ಆ ಸಾಲನ್ನು ನಾನೇ ಕಿತ್ತಿದ್ದೆನಲ್ಲ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಪತ್ರದ ಹನ್ನೊಂದನೇ ಪುಟದ ಬುಡ ನೋಡಿ ಎಂದ ಓಲೆಕಾರ. ನಲವತ್ತು ವರ್ಷ ಓದಿಯೂ ನಾನು ಸರಿಯಾಗಿ ಓದದ ಉದಾಹರಣೆ ಅದು. ಎಳ್ಳು ಆಗದ ಒಬ್ಬರು ಚಟ್ನಿಪುಡಿ ಕೇಳುತ್ತಾರೆ, ಒಂದು ಪೊಟ್ಟಣದಲ್ಲಿ ಎಳ್ಳಿನ ವಿಷಯ ಬರೆದಿಲ್ಲ, ಕಳಿಸಿದರೆ ತಪ್ಪು, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಕೇಳಿದರೆ ಸರಿ. ನಾಲ್ಕೇ ಸಾಲು. ಅಬ್ಬಾ, ಮುನ್ನೂರು ಚಿಲ್ಲರೆ ವರ್ಷ ಆಚೆ ಕೂತು, ನೋಡಲಾರದ, ಮೂಸಲಾರದ ಒಬ್ಬನ ಜಾಗದಲ್ಲಿ ನಿಂತು ಯೋಚಿಸಿದಿರಲ್ಲ! ನಿಮ್ಮ ಮನೆಯಲ್ಲಿ ಯಾರಿಗೆ ಎಳ್ಳು ಆಗುತ್ತಿರಲಿಲ್ಲ? ತಮ್ಮನಿಗೋ, ಮಗಳಿಗೋ? ಆ ಪುಟವನ್ನು ಕಣ್ಣಿಗೊತ್ತಿಕೊಂಡೆ. ದ್ಯಾಮಣ್ಣನಿಗೆ ನಡೆದದ್ದೆಲ್ಲ ಹೇಳಿ ಅತ್ತೆ. ನಲವತ್ತು ವರ್ಷ ನನ್ನ ಅಡುಗೆ ತಿಂದು ಬದುಕಿದವನು ನಾನು, ಒಂದು ಸಾಲಿಗೆ ಸಾಯುತ್ತೇನೆಯೇ ಎಂದು ಛೇಡಿಸಿದ. ಆಮೇಲೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ಮರುದಿನವೇ ಸಭೆ ಕರೆದು, ತಪ್ಪು ಒಪ್ಪಿಕೊಂಡು, ಸಾಲನ್ನು ವಾಪಸು ಸೇರಿಸಿದೆ. ಇನ್ನು ಈ ಕಾಗದ ಬರೆದ ಕಾರಣ ಹೇಳುತ್ತೇನೆ. ನಮ್ಮ ಹಳೇ ಕಾಗದಗಳ ಭಂಡಾರದಲ್ಲಿ ನಿಮ್ಮ ಕರಡುಗಳೂ ಉಳಿದಿವೆ. ಈ ಕಾಗದ ನಿಮ್ಮ ಕೈ ಸೇರಲೆಂದು ನಾನು ಆರಿಸಿದ ದಿನದ ಕರಡಿನಲ್ಲಿ ಆ ನಾಲ್ಕು ಸಾಲಿನ ಮೇಲೆ ಅಡ್ಡಗೆರೆ ಇದೆ. ಪಕ್ಕದಲ್ಲಿ, ಮೇಲೆ ಹೇಳಿದ್ದೇ ಮತ್ತೆ ಬಂದಿದೆ, ತೆಗೆಯಬಹುದು ಎಂದು ನಿಮ್ಮದೇ ಅಕ್ಷರದಲ್ಲಿದೆ. ಮಾರನೆಯ ಕರಡಿನಲ್ಲಿ ಗೆರೆ ಇಲ್ಲ. ನೀವು ಯಾಕೆ ಮನಸ್ಸು ಬದಲಿಸಿದಿರೋ ಯಾರಿಗೂ ಗೊತ್ತಿಲ್ಲ. ಯಾರೋ ನಿಮ್ಮನ್ನು ಕೂಗಿ ತಡೆದಿರಬೇಕು ಎಂದು ನನಗೆ ಅನ್ನಿಸಿತು. ಅದು ನಾನೇ ಇರಬಹುದಲ್ಲವೇ?

ನಿಮಗೂ ನನ್ನದೇ ಚೊಕ್ಕಟದ ಚಪಲ, ಗೊತ್ತು. ಮೇಲೆ ಹೇಳಿದ್ದನ್ನೇ ಮತ್ತೆ ಹೇಳಿದ್ದೀರಿ ಎನ್ನುವುದೂ ನಿಜ. ಆದರೆ ಮೇಲಿನದನ್ನು ನಾನು ಕಿತ್ತು ಹಾಕಿದ್ದೆ. ಆ ಮೂರು ದಿನ ನನ್ನ ಗಂಡನಿಗೂ ಸಾವಿಗೂ ನಡುವೆ ನಿಂತಿದ್ದು ನಿಮ್ಮ ನಾಲ್ಕು ಸಾಲು ಮಾತ್ರ. ಮುದ್ದೆ ಆರುತ್ತಿದೆ, ಬೇಗ ಬಾ ಎಂದು ಅವನು ಒಳಗಿನಿಂದ ಕರೆಯುತ್ತಿದ್ದಾನೆ. ಆ ಗೆರೆ ಅಳಿಸಿ, ತಾಯಿ ಅಥವಾ ತಂದೆ, ಯಾರೇ ಆಗಿರಿ. ಅಳಿಸಿ, ನೀವೂ ಊಟಕ್ಕೆ ಏಳಿ.