ರಕ್ಷಣಾ ದೋಣಿಯವರೆಲ್ಲ ಬೆಟ್ಟದಾಚೆ ಹೋದ ದಿನ

ಮೀಸಲು ಪಡೆಗಳನ್ನು ಊರೂರಿಗೆ ಹಂಚಿ ಜೋಡಿಸುವ ಮೇಜಿನ ಹಿಂದಿರುವ ಮಾನ್ಯರೇ,

ಮುಂದಿನ ತಿಂಗಳು ಗಾಳಿಯ ಕಾಲ ಶುರುವಾಗುತ್ತದೆ. ಅದೇ ತಿಂಗಳು ನಮ್ಮ ಬಂದರಿನ ರಕ್ಷಣಾ ದೋಣಿಯವರನ್ನೆಲ್ಲ ನೀವು ಮತ್ತೆ ತರಬೇತಿಗೆ ಕರೆದಿದ್ದೀರಿ. ಹೋದ ವರ್ಷವೂ ಹೀಗೆಯೇ ಕರೆದಿರಿ, ಕಡಲಿಗೆ ಹೋದ ನಮ್ಮ ಭಾವ ಮನೆಗೆ ಬರಲಿಲ್ಲ. ಆಮೇಲೆ ಅರ್ಜಿ ಕೊಟ್ಟೆ. ಅರ್ಜಿಗಳು ನಿಮ್ಮ ಕಚೇರಿಗೆ ಬಂದು ಒಂದು ಸಾಲಿನ ಉತ್ತರ ಬರೆಸಿಕೊಂಡು ಸುಖವಾಗಿ ನಿದ್ದೆ ಹೋಗುತ್ತವೆ ಎಂದು ತಿಳಿದ ಮೇಲೆ ಈಗ ಎಲ್ಲರೂ ಓದುವ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಬಂದರಿನ ರೇಡಿಯೊ ಕೋಣೆಯಲ್ಲಿ ಕೆಲಸ ಮಾಡುವವಳು. ಉಪ್ಪುಗಾಳಿಗೆ ಮಬ್ಬಾದ ಒಂದು ಕಿಟಕಿ, ಒಂದು ಕಾಲು ಗಿಡ್ಡವಾದ ಕುರ್ಚಿ, ಸದಾ ಗೊರಗುಡುವ ಯಂತ್ರ, ಇಷ್ಟೇ ನನ್ನ ಸಾಮ್ರಾಜ್ಯ. ಕಡಲಿನಿಂದ ಯಾರು ಕೂಗಿದರೂ ಓಗೊಡುವುದು ನನ್ನ ಕೆಲಸ. ನಮ್ಮ ಯಜಮಾನರು ಮುಳುಗುವವರನ್ನು ಎತ್ತಿ ತರುವ ರಕ್ಷಣಾ ದೋಣಿಯ ಚುಕ್ಕಾಣಿ ಹಿಡಿಯುವವರು. ಜೊತೆಗೆ ನಿಮ್ಮ ಮೀಸಲು ಸೈನಿಕರೂ ಹೌದು.

ನಿಮ್ಮ ವ್ಯವಸ್ಥೆ ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕರಾವಳಿಯ ಒಂದೊಂದು ಊರಿಗೆ ಮೀಸಲು ಸೈನಿಕರ ಒಂದೊಂದು ಕಂಪನಿ. ಅಕ್ಕಪಕ್ಕದ ಮನೆಯವರು ಪಕ್ಕಪಕ್ಕದಲ್ಲೇ ನಿಂತರೆ ಒಗ್ಗಟ್ಟು ಹೆಚ್ಚುತ್ತದಂತೆ. ಇರಲಿ, ಒಪ್ಪಿದೆ. ತರಬೇತಿಯ ಹೊತ್ತಿಗೆ ಮಾತ್ರ ಅದಲು ಬದಲು: ಕಡಲ ಕಂಪನಿ ಬೆಟ್ಟದಾಚೆಯ ಶಿಬಿರಕ್ಕೆ, ಬೆಟ್ಟದಾಚೆಯ ಕಂಪನಿ ನಮ್ಮ ದಡ ಕಾಯಲಿಕ್ಕೆ. ಸೈನಿಕನಿಗೆ ಎಲ್ಲ ನೆಲದ ಪರಿಚಯವೂ ಇರಬೇಕು ಎಂಬುದು ಇದಕ್ಕೆ ನೀವು ಕೊಟ್ಟ ಕಾರಣ. ನೆಲದ ಮಟ್ಟಿಗೆ ಸರಿಯೇ ಸ್ವಾಮಿ. ಆದರೆ ಒಂದು ಊರಿನಲ್ಲಿ ಕರೆದ ಕೂಡಲೇ ಎದ್ದು ಬರುವವರು ಎಷ್ಟು ಜನ ಇರುತ್ತಾರೆ ಎಂದು ಯೋಚಿಸಿದ್ದೀರಾ? ಇರುವವರು ಕೆಲವರೇ. ಬೆಂಕಿ ಬಿದ್ದರೂ ಅವರೇ, ದೋಣಿ ಮಗುಚಿದರೂ ಅವರೇ, ದೇಶ ಕರೆದರೂ ಅವರೇ. ನಮ್ಮ ರಕ್ಷಣಾ ದೋಣಿಯ ಎಂಜಿನ್ ಮೇಸ್ತ್ರಿ, ಹಗ್ಗ ಎಸೆಯುವ ಬಡಗಿ, ನೀರಿಗೆ ಹಾರುವ ಮೀನಂಗಡಿಯ ಅಣ್ಣತಮ್ಮಂದಿರು, ಎಲ್ಲರೂ ಒಂದೇ ಕಂಪನಿ. ನೀವು ಒಂದು ಬಸ್ಸು ಕಳಿಸಿದಿರಿ, ಬಂದರು ಬರಿದಾಯಿತು.

ಆ ಸಂಜೆ ಗಾಳಿ ತಿರುಗಿತು. ಕತ್ತಲಾಗುವ ಮೊದಲೇ ಭಾವನ ದನಿ ಕೇಳಿಸಿತು. ನಮ್ಮ ಯಜಮಾನರ ಅಣ್ಣ, ಇಬ್ಬರು ಹೋಗುವ ಸಣ್ಣ ಮೀನುದೋಣಿಯವರು, ಬಸ್ಸು ಬರುವ ಮೊದಲೇ ಕಡಲಿಗೆ ಇಳಿದಿದ್ದರು. "ಅಮ್ಮಾ, ಎಂಜಿನ್ ಮುಷ್ಕರ ಹೂಡಿದೆ. ನಿನ್ನ ಗಂಡನಿಗೆ ಸ್ವಲ್ಪ ಈ ಕಡೆ ಬರೋಕೆ ಹೇಳು."

"ಅವರು ಇಲ್ಲ ಭಾವ. ಬೆಟ್ಟದಾಚೆ ಹೋಗಿದಾರೆ, ತರಬೇತಿಗೆ."

"ಮೇಸ್ತ್ರಿ?"

"ಅವರೂ ಹೋಗಿದಾರೆ. ಯಾರೂ ಇಲ್ಲ ಭಾವ."

ಗೊರಗೊರದ ನಡುವೆ ಭಾವ ನಕ್ಕರು. "ಅಲ್ಲಿ ನೀರೇ ಇಲ್ವಲ್ಲಮ್ಮ, ಅವನಿಗೆ ಏನು ಕಲಿಸ್ತಾರೆ?"

ಅಕ್ಕಪಕ್ಕದ ಬಂದರುಗಳನ್ನೆಲ್ಲ ಕರೆದೆ. ಅಲ್ಲಿಯೂ ನಿಮ್ಮದೇ ಬಸ್ಸು ಬಂದು ಹೋಗಿತ್ತು. ಕೊನೆಗೆ ದೂರದಲ್ಲಿದ್ದ ಒಂದು ಸರಕು ಹಡಗು ತಿರುಗಿತು. ಅದು ಬರುವವರೆಗೆ ಏನು ಮಾಡುವುದೆಂದು ದಡಕ್ಕೆ ಓಡಿದೆ. ರಕ್ಷಣಾ ದೋಣಿ ಕಟ್ಟೆಯ ಪಕ್ಕ ತೇಲುತ್ತಿತ್ತು. ಅದರ ಮುಂದೆ ಬೆಟ್ಟದಾಚೆಯ ಕಂಪನಿಯವರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಅವರನ್ನು ನಾನು ದೂರುವುದಿಲ್ಲ, ಒಳ್ಳೆಯ ಮನೆಯ ಮಕ್ಕಳು. ಅವರ ಹವಾಲ್ದಾರ ಊರಿನಲ್ಲಿ ಬಟ್ಟೆ ಅಂಗಡಿಯವನಂತೆ. ವಿಷಯ ಕೇಳಿದ್ದೇ ಬಂದೂಕು ಕೆಳಗಿಟ್ಟ.

"ಅಕ್ಕ, ಹೇಗೆ ಸ್ಟಾರ್ಟ್ ಮಾಡೋದು ಹೇಳಿಕೊಡಿ. ನಾವೇ ಹೋಗ್ತೀವಿ."

"ಈಜು ಬರುತ್ತಾ ನಿಮಗೆ?"

ಅವನು ಬೂಟು ಬಿಚ್ಚತೊಡಗಿದ.

ನಮ್ಮ ಬಂದರಿನ ಬಾಯಲ್ಲಿ ಮರಳ ದಿಬ್ಬವಿದೆ. ಗಾಳಿಯಿದ್ದ ದಿನ ಅಲ್ಲಿ ಅಲೆ ಒಡೆಯುವ ರೀತಿ ಗೊತ್ತಿಲ್ಲದವರು ಅದನ್ನು ದಾಟಲಾರರು. ನಾನು ಬೇಡ ಎಂದೆ. ಅವನು ಕೈಮುಗಿದು ಬೇಡಿದ, ಆಗಲೂ ಬೇಡ ಎಂದೆ. ನಮ್ಮ ಭಾವ ಅಲ್ಲಿ ಸಾಯುತ್ತಿದ್ದಾಗ, ಹೋಗುತ್ತೇನೆ ಎಂದವರನ್ನು ತಡೆದು ನಿಲ್ಲಿಸಿದವಳು ನಾನೇ. ಸರಿಯಾದದ್ದನ್ನೇ ಮಾಡಿದೆ ಎಂದು ಎಲ್ಲರೂ ಹೇಳುತ್ತಾರೆ. ಆ ಸರಿಯನ್ನು ಹೊತ್ತುಕೊಂಡು ವರ್ಷವಿಡೀ ಅತ್ತೆಯ ಮುಂದೆ ತಟ್ಟೆ ಇಟ್ಟಿದ್ದೇನೆ. ಸರಕು ಹಡಗಿನವರಿಗೆ ಭಾವನ ಜೊತೆಗಾರ ಸಿಕ್ಕಿದ, ಮೀನಿನ ಪೆಟ್ಟಿಗೆ ತಬ್ಬಿಕೊಂಡು ತೇಲುತ್ತಿದ್ದ. ಭಾವ ಸಿಗಲಿಲ್ಲ.

ಆ ಹೊತ್ತಿಗೆ ನಮ್ಮ ಯಜಮಾನರು ಏನು ಮಾಡುತ್ತಿದ್ದರು ಗೊತ್ತೇ? ಶಿಬಿರದ ಪಕ್ಕದ ಕೆರೆಯಲ್ಲಿ ಮುಳುಗುವವರನ್ನು ಎತ್ತುವ ಅಭ್ಯಾಸ ಮಾಡುತ್ತಿದ್ದರು. ಮರಳು ತುಂಬಿದ ಗೊಂಬೆಯನ್ನು ಎಲ್ಲರಿಗಿಂತ ಬೇಗ ದಡಕ್ಕೆ ತಂದರು ಎಂದು ಪದಕವನ್ನೂ ಕೊಟ್ಟಿರಿ. ಭಾವ ಸುಳ್ಳು ಹೇಳಿದ್ದರು, ಅಲ್ಲಿ ನೀರಿತ್ತು, ಸೊಂಟದ ಮಟ್ಟ. ಆ ಪದಕವನ್ನು ಯಜಮಾನರು ಎಲ್ಲಿ ಹಾಕಿದರೋ ನಾನು ಕೇಳಿಲ್ಲ. ಈ ಮನೆಯಲ್ಲಿ ಕೇಳದೆ ಬಿಟ್ಟ ಮಾತುಗಳು ಬಹಳ ಇವೆ.

ನನ್ನ ಅರ್ಜಿಗೆ ನಿಮ್ಮ ಕಚೇರಿಯಿಂದ ಒಂದೇ ಒಂದು ಸಾಲು ಬಂತು: ದುರ್ಘಟನೆಯ ವೇಳೆ ದಡದ ಮೇಲೆ ನಿಗದಿತ ಬಲ ಪೂರ್ಣವಾಗಿ ಉಪಸ್ಥಿತವಿತ್ತು. ನಿಜ, ಪೂರ್ಣವಾಗಿಯೇ ಇತ್ತು. ಬೂಟು ಬಿಚ್ಚಿ ನಿಂತಿತ್ತು.

ಈ ಸಲ ಹೋಗಬೇಡಿ ಎಂದು ಯಜಮಾನರಿಗೆ ನಾನು ಹೇಳಿಲ್ಲ. ಹೇಳಿದರೂ ಕೇಳುವವರಲ್ಲ, ಕರೆದಲ್ಲಿಗೆ ಹೋಗುವುದು ಅವರ ಹುಟ್ಟುಗುಣ. ಅತ್ತೆ ಮಾತ್ರ ನಾನು ಬರೆಯುವುದನ್ನು ನೋಡಿ ಹತ್ತಿರ ಬಂದು ಕುಳಿತರು. "ನನ್ನ ಮಗನ್ನ ಮನೇಲಿ ಇರಿಸಿ ಅಂತ ಬರೀಬೇಡ. ದೋಣೀಲಿ ಇರಿಸಿ ಅಂತ ಬರಿ," ಎಂದರು.

ಅದನ್ನೇ ಬರೆಯುತ್ತಿದ್ದೇನೆ. ಒಂದು ಬಂದರಿನ ರಕ್ಷಣಾ ದೋಣಿಯವರನ್ನೆಲ್ಲ ಒಂದೇ ಕಂಪನಿಗೆ ಹಾಕಬೇಡಿ. ಅರ್ಧ ಜನರನ್ನು ಕರೆದಾಗ ಉಳಿದರ್ಧ ದಡದಲ್ಲಿರಲಿ. ಕಡಲು ಬಲ್ಲವರಿಗೆ ಕಡಲ ಕಾವಲನ್ನೇ ಕೊಡಿ. ಇದಕ್ಕೆ ಸಮಿತಿ ಬೇಕಿಲ್ಲ, ನಿಮ್ಮ ಒಂದು ಸಹಿ ಸಾಕು.

ಅದೂ ಕಷ್ಟವಾದರೆ ಇನ್ನೊಂದು ಉಪಕಾರ ಮಾಡಿ. ಬಸ್ಸು ಹೊರಡುವ ದಿನ ನಮ್ಮ ರೇಡಿಯೊ ಕೋಣೆಗೆ ಬನ್ನಿ. ಕುರ್ಚಿ ಸ್ವಲ್ಪ ಅಲ್ಲಾಡುತ್ತದೆ, ಸಹಿಸಿಕೊಳ್ಳಿ. ಕಡಲಿನಿಂದ ಯಾರಾದರೂ ಕೂಗಿದರೆ, ಯಾರೂ ಇಲ್ಲ ಎಂದು ಈ ಸಲ ನೀವೇ ಹೇಳಿ. ನನ್ನಿಂದ ಇನ್ನೊಮ್ಮೆ ಆಗುವುದಿಲ್ಲ.

ಇಂತಿ,
ಯಾರು ಕೂಗಿದರೂ ಓಗೊಡಲೇಬೇಕಾದ
ಬಂದರಿನ ರೇಡಿಯೊದವಳು